ಲ್ಯಾಬ್‌ನ ಅಪಾಯಕಾರಿ ಕಸ: ಕೋಲಾರ ಜಿಲ್ಲೆಯ ಸಣ್ಣ ಲ್ಯಾಬ್‌ಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಕಡೆಯ ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರು ತರಬೇತಿಗೆ ಬಂದಾಗ ಕೇಳುವ ಪ್ರಶ್ನೆಗಳಿವು. ಇವುಗಳಲ್ಲಿ ಬಹುಪಾಲು ಒಂದೇ ಶಟರ್‌ನ ಮಳಿಗೆಯಲ್ಲಿ ನಡೆಯುವ ಲ್ಯಾಬ್‌ಗಳು. ಒಬ್ಬರು ಟೆಕ್ನೀಷಿಯನ್, ರಕ್ತ ತೆಗೆಯಲು ಇನ್ನೊಬ್ಬರು, ಬೆಳಿಗ್ಗೆ ಬಂದು ಗುಡಿಸಿ ಒರೆಸಿ ಹೋಗುವ ಒಬ್ಬ ಆಯಮ್ಮ, ಅಷ್ಟೇ. ಸಮಿತಿ, ಉಪಸಮಿತಿ, ಪ್ರತ್ಯೇಕ ಗೋದಾಮು ಅಂತೆಲ್ಲ ದೊಡ್ಡ ಆಸ್ಪತ್ರೆಗೆಂದು ಬರೆದಿಟ್ಟ ಕೈಪಿಡಿ ಓದಿದರೆ ಇವರಿಗೆ ತಲೆ ಕೆಡುತ್ತದೆ. ಅದಕ್ಕೇ ಇಲ್ಲಿನ ಉತ್ತರಗಳನ್ನು ಅವರ ಅಳತೆಗೆ ಇಳಿಸಿ ಬರೆದಿದೆ.

ನಮ್ಮದು ತೀರಾ ಚಿಕ್ಕ ಲ್ಯಾಬ್. ದಿನಕ್ಕೆ ಇಪ್ಪತ್ತೋ ಮೂವತ್ತೋ ಸ್ಯಾಂಪಲ್. ನಮಗೂ ಈ ನಿಯಮ ಬರುತ್ತಾ?

ಬರುತ್ತೆ. ದಿನಕ್ಕೆ ಎರಡೇ ಸ್ಯಾಂಪಲ್ ತೆಗೆದರೂ ಬರುತ್ತೆ. ಈಗ ಜಾರಿಯಲ್ಲಿರುವುದು 2016ರ ಮಾರ್ಚ್ 28ರಂದು ಪ್ರಕಟವಾದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು. ಅದಕ್ಕೆ 2018 ಮತ್ತು 2019ರಲ್ಲಿ ತಿದ್ದುಪಡಿಗಳಾಗಿವೆ. ಅದರ ಹಿಂದಿನ 1998ರ ನಿಯಮದಲ್ಲಿ, ತಿಂಗಳಿಗೆ 1,000ಕ್ಕಿಂತ ಕಡಿಮೆ ರೋಗಿಗಳನ್ನು ನೋಡುವ ಕ್ಲಿನಿಕ್, ಲ್ಯಾಬ್‌ಗಳು ಅನುಮತಿ ಪತ್ರ ಪಡೆಯಬೇಕಿರಲಿಲ್ಲ. "ಚಿಕ್ಕವರಿಗೆ ಬೇಡ" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಆ ವಿನಾಯಿತಿ 2016ರಲ್ಲೇ ಹೋಯಿತು, ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

ಬರೀ ಸ್ಯಾಂಪಲ್ ತೆಗೆದು ಬೆಂಗಳೂರಿಗೆ ಕಳಿಸುವ ಕಲೆಕ್ಷನ್ ಸೆಂಟರ್, ಹಳ್ಳಿಯಲ್ಲಿ ನಡೆಸುವ ಆರೋಗ್ಯ ಶಿಬಿರ, ರಕ್ತದಾನ ಶಿಬಿರ, ಪಶು ಆಸ್ಪತ್ರೆ, ಇವೂ ಅದರೊಳಗೇ ಬರುತ್ತವೆ.

ಅನುಮತಿ ಎಲ್ಲಿಂದ? ಪ್ರತಿ ವರ್ಷ ನವೀಕರಣ ಮಾಡಿಸಬೇಕಾ?

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ. ಅರ್ಜಿಗೆ ನಮೂನೆ 2. ನಿಮ್ಮಂತೆ ಹಾಸಿಗೆಗಳಿಲ್ಲದ ಸಂಸ್ಥೆಗೆ ಅನುಮತಿ ಒಂದೇ ಸಲ ಕೊಡುವಂಥದ್ದು. ಸರಿಯಾಗಿ ತುಂಬಿದ ಅರ್ಜಿ ತಲುಪಿ 90 ದಿನದೊಳಗೆ ಮಂಡಳಿ ಆಕ್ಷೇಪ ಎತ್ತದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಲೆಕ್ಕ. ಅರ್ಜಿ ತಲುಪಿದ್ದಕ್ಕೆ ಸಿಕ್ಕ ಸ್ವೀಕೃತಿಯನ್ನು ಫೈಲಿನಲ್ಲಿ ಜೋಪಾನವಾಗಿಡಿ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಅಂದರೆ ಎಲ್ಲರೂ ಕೆಪಿಎಂಇ ಅನ್ನುವುದು, ಬೇರೆ. ಅದು ಜಿಲ್ಲಾ ಮಟ್ಟದ ಪ್ರಾಧಿಕಾರದ ಕೆಲಸ. ಒಂದಿದ್ದರೆ ಇನ್ನೊಂದು ಬೇಡ ಅಂತಿಲ್ಲ. ಇವೆರಡರ ಜೊತೆಗೆ, ಕಸ ಒಯ್ದು ಸಂಸ್ಕರಿಸುವ ಸಾಮೂಹಿಕ ಸಂಸ್ಕರಣಾ ಘಟಕದೊಂದಿಗೆ ಒಪ್ಪಂದವೂ ಇರಬೇಕು.

ಯಾವ ಬಣ್ಣಕ್ಕೆ ಯಾವುದು? ಪಟ್ಟಿ ಗೋಡೆಗೆ ಅಂಟಿಸಿದ್ದೀವಿ, ಆದರೂ ಗಲಿಬಿಲಿ ಆಗುತ್ತೆ.

ಪಟ್ಟಿ ನೋಡಿ ಕಲಿಯುವುದು ಕಷ್ಟ. ಒಬ್ಬರ ರಕ್ತ ತೆಗೆಯುವುದನ್ನೇ ಹಿಂದೆ ಹಿಂದೆ ಹೋಗಿ ನೋಡೋಣ.

ರೋಗಿ ಕುರ್ಚಿಯಲ್ಲಿ ಕೂತರು. ಸ್ಪಿರಿಟ್ ಸ್ವ್ಯಾಬ್‌ನ ಪೊಟ್ಟಣ ಹರಿದಿರಿ. ಆ ಕಾಗದಕ್ಕೆ ರಕ್ತ ತಾಗಿಲ್ಲ, ಅದು ಮಾಮೂಲಿ ಕಸ. ಸಿರಿಂಜ್‌ನ ಹೊದಿಕೆ, ಸೂಜಿಯ ಮುಚ್ಚಳ, ಬಿಲ್ಲಿನ ಚೀಟಿ ಎಲ್ಲವೂ ಅಷ್ಟೇ. ಇವನ್ನು ಹಳದಿ ಚೀಲಕ್ಕೆ ತುಂಬಿ ತೂಕ ಏರಿಸುವ ಲ್ಯಾಬ್‌ಗಳಿವೆ. ಅದು ಸುಮ್ಮನೆ ದುಡ್ಡಿನ ದಂಡ.

ರಕ್ತ ತೆಗೆದಾಯಿತು. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸಿರಿಂಜ್ ಬಳಸಿದ್ದರೆ ಕುರ್ಚಿಯ ಪಕ್ಕದಲ್ಲೇ ಇರುವ ನೀಡಲ್ ಕಟರ್‌ಗೆ ಹಾಕಿ ಕತ್ತರಿಸಿ. ಕತ್ತರಿಸಿದ ಸೂಜಿ ಬಿಳಿ ಡಬ್ಬಿಗೆ. ಚುಚ್ಚಿದರೂ ತೂತಾಗದ, ಸೋರದ, ಮುಚ್ಚಿದ ಮೇಲೆ ತೆಗೆಯಲು ಬಾರದ ಡಬ್ಬಿ ಅದಾಗಿರಬೇಕು. ಬೆರಳಿಗೆ ಚುಚ್ಚುವ ಲ್ಯಾನ್ಸೆಟ್, ಬ್ಲೇಡ್, ಸೂಜಿ ಬೇರ್ಪಡಿಸಲಾಗದ ಸಿರಿಂಜ್ ಎಲ್ಲವೂ ಇದಕ್ಕೇ. ಸೂಜಿ ಹೋದ ಸಿರಿಂಜ್‌ನ ಪ್ಲಾಸ್ಟಿಕ್ ಭಾಗ ಕೆಂಪು ಚೀಲಕ್ಕೆ.

ರೋಗಿ ಮೊಣಕೈ ಮಡಚಿ ಒತ್ತಿಹಿಡಿದ ಹತ್ತಿ, ರಕ್ತದ ಕಲೆ ಇರುವುದರಿಂದ ಹಳದಿ. ಇಲ್ಲಿ ಬಹಳ ಕಡೆ ಎಡವಟ್ಟಾಗುತ್ತದೆ. ರೋಗಿ ಹತ್ತಿ ಒತ್ತಿಕೊಂಡೇ ಎದ್ದು ಹೋಗಿ, ಬಾಗಿಲ ಬಳಿಯ ಡಸ್ಟ್‌ಬಿನ್‌ಗೋ ಮೆಟ್ಟಿಲ ಪಕ್ಕದ ಮೋರಿಗೋ ಎಸೆಯುತ್ತಾರೆ. ಬಾಗಿಲ ಬಳಿಯೇ ಒಂದು ಚಿಕ್ಕ ಹಳದಿ ಡಬ್ಬಿ ಇಟ್ಟು, "ಹತ್ತಿ ಇದರಲ್ಲಿ ಹಾಕಿ ಹೋಗಿ ಅಮ್ಮ" ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಟೆಕ್ನೀಷಿಯನ್‌ನ ಕೈಗವಸು ಕೆಂಪಿಗೆ, ಮಾಸ್ಕ್ ಮತ್ತು ಟೋಪಿ ಹಳದಿಗೆ.

ಇನ್ನು ಟೆಸ್ಟ್ ಮುಗಿದ ಮೇಲೆ. ರಕ್ತ ಇರುವ ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ಮದ್ದು ಹಾಕಿದ್ದು), ಸೀರಂ ಟ್ಯೂಬ್‌ಗಳನ್ನು ನೇರವಾಗಿ ಯಾವ ಚೀಲಕ್ಕೂ ಹಾಕುವಂತಿಲ್ಲ. ಮೊದಲು ಲ್ಯಾಬ್‌ನಲ್ಲೇ ಸೋಂಕು ತೆಗೆಯಬೇಕು. ಆಮೇಲೆ ಪ್ಲಾಸ್ಟಿಕ್ ಟ್ಯೂಬ್ ಕೆಂಪಿಗೆ, ಪಿಪೆಟ್ ಟಿಪ್ಪುಗಳೂ ಹಾಗೆಯೇ. ಗಾಜಿನ ಟ್ಯೂಬ್, ಸ್ಲೈಡ್, ಒಡೆದ ಗಾಜು ನೀಲಿ ಗುರುತಿನ ಗಟ್ಟಿ ಡಬ್ಬಿಗೆ. 2016ರಲ್ಲಿ ಇದಕ್ಕೆ ರಟ್ಟಿನ ಪೆಟ್ಟಿಗೆ ಎಂದಿತ್ತು, 2018ರ ತಿದ್ದುಪಡಿಯಲ್ಲಿ ಚುಚ್ಚಿದರೆ ತೂತಾಗದ, ಸೋರದ ಡಬ್ಬಿ ಎಂದಾಯಿತು. ಹಳೇ ಪೋಸ್ಟರ್ ಅಂಟಿಸಿದ್ದರೆ ಬದಲಾಯಿಸಿ. ಕಲ್ಚರ್ ಪ್ಲೇಟ್‌ಗಳು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೋಂಕು ತೆಗೆಯುವ ಯಂತ್ರ) ಆದ ಮೇಲೆ ಹಳದಿಗೆ.

ಚೀಲಗಳು ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್‌ನವು, ಮೇಲೆ ಜೈವಿಕ ಅಪಾಯದ ಗುರುತು, ಬಾರ್‌ಕೋಡ್ ಇರಬೇಕು. ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಕ್ಯಾರಿಬ್ಯಾಗ್ ನಡೆಯುವುದಿಲ್ಲ.

ಸಂಜೆ ಒಟ್ಟಿಗೆ ಕೂತು ಬೇರ್ಪಡಿಸಿದರೆ ಆಗಲ್ವಾ? ಬೆಳಿಗ್ಗೆ ರಶ್ ಇರುತ್ತೆ.

ಬೇಡವೇ ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಸ ಹುಟ್ಟಿದ ಕ್ಷಣದಲ್ಲಿ, ಅದು ಯಾರ ಕೈಯಲ್ಲಿದೆಯೋ ಅವರೇ ಬೇರ್ಪಡಿಸಬೇಕು. ಆ ಸೂಜಿ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಗೊತ್ತಿರುವುದು ರಕ್ತ ತೆಗೆದವರಿಗೆ ಮಾತ್ರ. ಸಂಜೆ ರಾಶಿಯೊಳಗೆ ಕೈ ಹಾಕುವವರಿಗೆ ಗೊತ್ತಿರುವುದಿಲ್ಲ. ಕೈ ಹಾಕುವುದು ಬಹುತೇಕ ಆಯಮ್ಮ. ಅವರು ಮಾಡದಿದ್ದರೆ ಗಾಡಿಯವರು. ಅಲ್ಲೂ ತಪ್ಪಿದರೆ ನಗರಸಭೆಯ ಪೌರಕಾರ್ಮಿಕರು. ನಿಮಗೆ ಉಳಿದ ಎರಡು ಸೆಕೆಂಡಿನ ಬೆಲೆ ಕೊಡುವುದು ಅವರು.

ರಶ್ ಇರುವುದಕ್ಕೆ ಮದ್ದು ಇದೆ: ಡಬ್ಬಿಗಳನ್ನು ಕುರ್ಚಿಯ ಕೈಯಳತೆಗೆ ತನ್ನಿ. ನಾನು ನೋಡಿದ ಹಲವು ಲ್ಯಾಬ್‌ಗಳಲ್ಲಿ ನಾಲ್ಕೂ ಬಣ್ಣದ ಡಬ್ಬಿಗಳು ಇನ್‌ಸ್ಪೆಕ್ಷನ್‌ಗೆಂದು ಬಾಗಿಲಲ್ಲಿ ಸಾಲಾಗಿ ಮಿಂಚುತ್ತಿದ್ದವು. ಕುರ್ಚಿಯ ಕೆಳಗೆ ಮಾತ್ರ ಒಂದು ಹಳೇ ಪೇಂಟ್ ಬಕೆಟ್, ಅದರಲ್ಲಿ ಸೂಜಿ, ಹತ್ತಿ, ಟೀ ಕಪ್ ಎಲ್ಲ ಒಟ್ಟಿಗೆ. ಆ ಬಕೆಟ್ ತೆಗೆದು ಬಿಸಾಡಿದ ದಿನವೇ ಅರ್ಧ ಸಮಸ್ಯೆ ಮುಗಿಯುತ್ತದೆ.

ಬಿಳಿ ಡಬ್ಬಿ ಪೂರ್ತಿ ತುಂಬಿದ ಮೇಲೆ ಕೊಟ್ಟರೆ ಸಾಕಾ?

ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ. ತುಂಬಿ ತುಳುಕುವ ಡಬ್ಬಿಗೆ ಒತ್ತಿ ತುರುಕುವಾಗಲೇ ಕೈಗೆ ಚುಚ್ಚುವುದು.

ಕಸ ಎಷ್ಟು ದಿನ ಇಟ್ಟುಕೊಳ್ಳಬಹುದು? ಗಾಡಿ ದಿನಾ ಬರಲ್ಲ.

ಸಂಸ್ಕರಿಸದ ಕಸ 48 ಗಂಟೆ ದಾಟುವಂತಿಲ್ಲ. ಯಾವುದೋ ಕಾರಣಕ್ಕೆ ದಾಟಬೇಕಾಗಿ ಬಂದರೆ, ವಾಸನೆ, ಸೋರಿಕೆ ಆಗದಂತೆ ನೋಡಿಕೊಂಡು ಮಂಡಳಿಗೆ ಕಾರಣ ಸಮೇತ ತಿಳಿಸಬೇಕು.

ಗಾಡಿ ಬರಲಿಲ್ಲ ಎಂದರೆ ಫೋನ್ ಮಾಡಿ ಸುಮ್ಮನಾಗಬೇಡಿ. ಘಟಕಕ್ಕೆ ಬರಹದಲ್ಲಿ ಕೇಳಿ, ಅದರ ಪ್ರತಿಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೂ ಹಾಕಿ. ನಾಳೆ ಪ್ರಶ್ನೆ ಬಂದರೆ ನಿಮ್ಮ ಕೈಯಲ್ಲಿ ಇರುವುದು ಆ ಕಾಗದವೊಂದೇ. ಅತ್ತ ಘಟಕದವರಿಗೂ ಒಂದು ಹೊಣೆ ಇದೆ. ಬೇರ್ಪಡಿಸದೆ ಕಸ ಕೊಡುವ ಲ್ಯಾಬ್‌ಗಳ ಬಗ್ಗೆ ಅವರು ಮಂಡಳಿಗೆ ವರದಿ ಮಾಡಬೇಕು. ಹಾಗಾಗಿ ಗಾಡಿಯವರು ಚೀಲ ಬಿಚ್ಚಿ ನೋಡಿ ವಾಪಸ್ ಕೊಟ್ಟರೆ ಅವರ ಮೇಲೆ ರೇಗಬೇಡಿ.

ಗಾಡಿ ಬಾರದ ದಿನ ನಾವೇ ಹಿತ್ತಲಲ್ಲಿ ಸುಟ್ಟುಬಿಟ್ಟರೆ?

ಸುಡುವಂತಿಲ್ಲ. ಘಟಕದ ಇನ್ಸಿನರೇಟರ್‌ನಲ್ಲಿ, ಅಂದರೆ ಕಸ ಸುಡುವ ಕುಲುಮೆಯಲ್ಲಿ, ಮೊದಲ ಕೋಣೆ 800 ಡಿಗ್ರಿ ಇರುತ್ತದೆ. ಎರಡನೇ ಕೋಣೆ 1,050 ಡಿಗ್ರಿ ಆಸುಪಾಸಿನಲ್ಲಿದ್ದು, ಹೊಗೆ ಅದರಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಅಷ್ಟು ಕಾವು ಇಲ್ಲದೆ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಹೋಗುತ್ತದೆ. ಹಿತ್ತಲ ಬೆಂಕಿಯಲ್ಲಿ ಸೂಜಿ ಕರಗುವುದೂ ಇಲ್ಲ, ಬೂದಿಯಲ್ಲಿ ಮೊನಚಾಗಿಯೇ ಉಳಿದಿರುತ್ತದೆ. ಗುಂಡಿ ತೆಗೆದು ಹೂಳುವುದಕ್ಕೂ ಅವಕಾಶವಿರುವುದು ಸಾಮೂಹಿಕ ಘಟಕದ ಸೇವೆ ತಲುಪದ ದೂರದ ಗ್ರಾಮೀಣ ಪ್ರದೇಶಕ್ಕೆ ಮಾತ್ರ.

ನಮ್ಮಲ್ಲಿ ಆಟೋಕ್ಲೇವ್ ಇಲ್ಲ. ಕುಕ್ಕರ್‌ನಲ್ಲಿ ಮಾಡಿದರೆ ನಡೆಯುತ್ತಾ?

ಕುಕ್ಕರ್‌ನಲ್ಲೂ ಹಬೆ, ಒತ್ತಡ ಇರುವುದು ನಿಜ. ಆದರೆ ಒಳಗೆ ಎಷ್ಟು ಡಿಗ್ರಿ ಆಯಿತು, ಎಷ್ಟು ಹೊತ್ತು ನಿಂತಿತು ಎಂದು ತೋರಿಸಲು ಏನೂ ಇಲ್ಲ. ದಾಖಲೆ ಇಲ್ಲದ ಸೋಂಕು ನಿವಾರಣೆ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ವರ್ಟಿಕಲ್ ಆಟೋಕ್ಲೇವ್ ಒಂದು ತೆಗೆದುಕೊಳ್ಳಿ. ಲ್ಯಾಬ್ ಶುರು ಮಾಡುವಾಗ ಸೆಲ್ ಕೌಂಟರ್‌ಗೆ ಲಕ್ಷಗಟ್ಟಲೆ ಹಾಕುವವರು ಇದಕ್ಕೆ ಹಿಂದೆ ಮುಂದೆ ನೋಡುವುದು ನನಗಂತೂ ಅರ್ಥವಾಗಿಲ್ಲ.

ಕಸಕ್ಕೆ ಬೇಕಾದ ಅವಧಿ, ಸಾಮಾನ್ಯ ವರ್ಟಿಕಲ್ ಯಂತ್ರದಲ್ಲಿ 121 ಡಿಗ್ರಿ, 15 ಪಿಎಸ್‌ಐ ಒತ್ತಡ, ಕನಿಷ್ಠ 60 ನಿಮಿಷ. ಗಾಳಿಯನ್ನು ಪಂಪ್‌ನಿಂದ ಎಳೆದು ತೆಗೆಯುವ ವ್ಯಾಕ್ಯೂಮ್ ಯಂತ್ರದಲ್ಲಾದರೆ 45 ನಿಮಿಷ. ಉಪಕರಣಗಳಿಗೆ ಕೊಡುವ 15–20 ನಿಮಿಷ ಕಸಕ್ಕೆ ಸಾಲದು. ಗಡಿಯಾರ ನೋಡಲು ಶುರು ಮಾಡುವುದು ಸ್ವಿಚ್ ಹಾಕಿದಾಗಲ್ಲ, 121 ಮುಟ್ಟಿದ ಮೇಲೆ.

ಇಲ್ಲಿ ನಮ್ಮ ಊರಿಗೇ ಸೇರಿದ ಒಂದು ಸೂಕ್ಷ್ಮವಿದೆ. ಕೋಲಾರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಹೊರಗಿನ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ, ಗೇಜ್‌ನಲ್ಲಿ ಮುಳ್ಳು 15ಕ್ಕೆ ಬಂದರೂ ಒಳಗಿನ ಹಬೆ 121 ಡಿಗ್ರಿಗೆ ಒಂದೂವರೆ ಡಿಗ್ರಿಯಷ್ಟು ಹಿಂದೆ ಇರುತ್ತದೆ. ಆದ್ದರಿಂದ ಒತ್ತಡದ ಮುಳ್ಳನ್ನು ನಂಬಿ ಕೂರಬೇಡಿ, ತಾಪಮಾನ ತೋರಿಸುವ ಯಂತ್ರವನ್ನೇ ಕೊಳ್ಳಿ, 16 ಪಿಎಸ್‌ಐ ದಾಟಬೇಕಾದರೆ ದಾಟಲಿ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮುಂಚೆ ವಾಲ್ವ್ ಮುಚ್ಚಿದರೂ ಇದೇ ಗೋಳು. ಮುಳ್ಳು ಸರಿಯಾಗಿಯೇ ತೋರಿಸುತ್ತದೆ, ಕಾವು ಮಾತ್ರ ಸಾಲದು.

ಚೀಲವನ್ನು ಬಿಗಿಯಾಗಿ ಕಟ್ಟಬೇಡಿ, ಬಾಯಿ ಸಡಿಲವಾಗಿರಲಿ, ಟ್ಯೂಬಿನ ಮುಚ್ಚಳವೂ ಸಡಿಲ. ಮೂಟೆಯಂತೆ ತುರುಕಿದರೆ ನಡುವಿನ ಟ್ಯೂಬುಗಳಿಗೆ ಹಬೆಯೇ ಹೋಗುವುದಿಲ್ಲ. ಪ್ರತಿ ಬ್ಯಾಚ್‌ಗೂ ಬಣ್ಣ ಬದಲಾಗುವ ಇಂಡಿಕೇಟರ್ ಪಟ್ಟಿ ಇಡಿ. ವಾರಕ್ಕೊಮ್ಮೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುವ ಸ್ಪೋರ್ ಪಟ್ಟಿ ಹಾಕಿ ನೋಡಿ. ತೀರಾ ಕಾವು ತಡೆಯುವ ಜೀವಿ ಅದು. ಅದು ಸತ್ತಿದ್ದರೆ ಉಳಿದವು ಸತ್ತಿವೆ ಎಂದರ್ಥ.

ಇನ್ನೊಂದು ಮಾತು: ಹೈಪೋದಲ್ಲಿ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ, ಅದ್ದಿದ್ದನ್ನು ಆಟೋಕ್ಲೇವ್‌ಗೆ ಹಾಕಬೇಡಿ. ಕ್ಲೋರಿನ್ ಹೊಗೆ ಬರುತ್ತದೆ, ಪಾತ್ರೆಯೂ ತುಕ್ಕು ಹಿಡಿಯುತ್ತದೆ. ಎರಡರಲ್ಲಿ ಒಂದು ಮಾಡಿ.

ಹಾಗಾದರೆ ಹೈಪೋ ಸಾಲದಾ? ನಾವು ಬಕೆಟ್‌ನಲ್ಲಿ ಹಾಕಿ ಇಡ್ತೀವಲ್ಲ.

ಹೈಪೋ ಒಳ್ಳೆಯದೇ. ಅದನ್ನು ಬಳಸುವ ರೀತಿಯಲ್ಲಿ ತಪ್ಪಿದೆ. ನಿಯಮ ಕೇಳುವುದು 1ರಿಂದ 2 ಶೇಕಡ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯ ಕ್ಯಾನ್ ಮೇಲೆ 4, 5, 10 ಅಂತ ಬೇರೆ ಬೇರೆ ಬರೆದಿರುತ್ತದೆ. ಅದನ್ನು ಓದದೆ "ಒಂದು ಮುಚ್ಚಳ ಹೈಪೋ, ಒಂದು ಬಕೆಟ್ ನೀರು" ಅನ್ನುವುದು ವಾಡಿಕೆ. ಆ ನೀರಿನಲ್ಲಿ ಬಟ್ಟೆಯ ಕಲೆಯೂ ಹೋಗುವುದಿಲ್ಲ. 1 ಶೇಕಡ ಬೇಕಿದ್ದರೆ, 5 ಶೇಕಡದ ಹೈಪೋ ಒಂದು ಅಳತೆಗೆ ನೀರು ನಾಲ್ಕು ಅಳತೆ. 4 ಶೇಕಡದ್ದಾದರೆ ಮೂರು ಅಳತೆ. 10 ಶೇಕಡದ್ದಾದರೆ ಒಂಬತ್ತು.

ಕಲಸಿದ್ದು ಅವತ್ತಿಗೆ ಮಾತ್ರ. ಮಾರನೇ ದಿನಕ್ಕೆ ಹೊಸದು. ಕ್ಯಾನ್ ಕೂಡ ಕಿಟಕಿ ಪಕ್ಕ ಬಿಸಿಲಿಗೆ ಇಟ್ಟರೆ ಏಪ್ರಿಲ್ ಬಿಸಿಲಲ್ಲಿ ಕ್ಲೋರಿನ್ ಹಾರಿ ಬರೀ ಉಪ್ಪುನೀರು ಉಳಿಯುತ್ತದೆ. ಕತ್ತಲೆ, ತಂಪು ಜಾಗ ನೋಡಿ ಇಡಿ. ಅನುಮಾನ ಬಂದರೆ ಕ್ಲೋರಿನ್ ಪರೀಕ್ಷಿಸುವ ಪಟ್ಟಿ ಸಿಗುತ್ತದೆ, ಅದ್ದಿ ನೋಡಿ.

ರಕ್ತಕ್ಕೆ ಹೈಪೋ ಸುರಿಯುವಾಗ ಮತ್ತೊಂದು ಲೆಕ್ಕವಿದೆ. 100 ಮಿಲಿ ಸೀರಂಗೆ 1 ಶೇಕಡದ ಹೈಪೋ 100 ಮಿಲಿ ಸುರಿದರೆ, ಒಟ್ಟು ದ್ರವದಲ್ಲಿ ಅದು ಅರ್ಧ ಶೇಕಡಕ್ಕೆ ಇಳಿಯುತ್ತದೆ. ಅದರ ಮೇಲೆ ರಕ್ತದ ಪ್ರೋಟೀನ್ ಒಂದಿಷ್ಟು ಕ್ಲೋರಿನ್ ನುಂಗಿಬಿಡುತ್ತದೆ. ಹಾಗಾಗಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಡಿ. ಮುಚ್ಚಳ ಹಾಕಿದ ಟ್ಯೂಬನ್ನು ಹೈಪೋದಲ್ಲಿ ತೇಲಿಬಿಡುವುದರಿಂದ ಏನೂ ಆಗುವುದಿಲ್ಲ, ಒಳಗೆ ಹೆಪ್ಪುಗಟ್ಟಿದ ರಕ್ತಕ್ಕೆ ಅದು ಮುಟ್ಟುವುದೇ ಇಲ್ಲ. ರಕ್ತದ ಟ್ಯೂಬಿಗೆ ಆಟೋಕ್ಲೇವೇ ಸರಿ ಎಂದು ಹೇಳುವುದು ಇದಕ್ಕೇ.

ಹೈಪೋ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಫಾರ್ಮಾಲಿನ್ ಕೂಡ ಬೇಡ. ಮೂತ್ರದ ಬಕೆಟ್‌ಗೆ ಹೈಪೋ ಸುರಿದಾಗ ಕಣ್ಣುರಿ ಬರುವುದು ಅದರಲ್ಲಿನ ಅಮೋನಿಯಾದಿಂದ. ಗಾಳಿಯಾಡುವ ಕಡೆ ಮಾಡಿ.

ಸಿಂಕ್‌ಗೆ ಏನು ಸುರಿಯಬಹುದು, ಏನು ಬಾರದು?

ಹಾಸಿಗೆಗಳಿಲ್ಲದ ಲ್ಯಾಬ್ ಸೋಂಕಿನ ದ್ರವವನ್ನು ಸೋಂಕು ತೆಗೆದ ಮೇಲೆಯೇ ಹೊರಬಿಡಬೇಕು. ಅಂದರೆ ಸೀರಂ, ರಕ್ತ, ತೊಳೆದ ನೀರು ಮೊದಲು ಹೈಪೋ ಕಾಣಬೇಕು, ಆಮೇಲೆ ಮೋರಿ.

ನಮ್ಮ ಜಿಲ್ಲೆಯಲ್ಲಿ ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಕುಡಿಯುವುದು ಬೋರ್‌ವೆಲ್ ನೀರು, ಕೊರೆದಿರುವುದು ಸಾವಿರ ಅಡಿ ದಾಟಿ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಂದಾಗ, ಅದರಲ್ಲಿ ಏನಿದೆ, ಅಂತರ್ಜಲಕ್ಕೆ ಏನಾಗುತ್ತೆ ಎಂದು ನಾವು ಬೀದಿಯಲ್ಲೂ ಕೋರ್ಟಿನಲ್ಲೂ ಕೇಳಿದ್ದೇವೆ. ಕೇಳಿದ್ದು ಸರಿಯೇ. ಆದರೆ ಯುಜಿಡಿ (ಒಳಚರಂಡಿ) ಇಲ್ಲದ ಬಡಾವಣೆಯಲ್ಲಿ ಲ್ಯಾಬ್ ಇಟ್ಟು, ಸಿಂಕಿನ ಪೈಪನ್ನು ಹಿಂದಿನ ಇಂಗುಗುಂಡಿಗೆ ಬಿಟ್ಟವರು ಅದೇ ಪ್ರಶ್ನೆಯನ್ನು ತಮಗೂ ಕೇಳಿಕೊಳ್ಳಬೇಕಲ್ಲ.

ರಾಸಾಯನಿಕಗಳದ್ದು ಇನ್ನೊಂದು ಕಥೆ, ಹೈಪೋ ಅದಕ್ಕೆ ಮದ್ದಲ್ಲ. ಹಳೇ ಪದ್ಧತಿಯಲ್ಲಿ ಹಿಮೋಗ್ಲೋಬಿನ್ ನೋಡುವ ಡ್ರಾಬ್ಕಿನ್ ದ್ರಾವಣದಲ್ಲಿ ಪೊಟ್ಯಾಸಿಯಂ ಸೈನೈಡ್ ಇದೆ, ಲೀಟರಿಗೆ ಸುಮಾರು 50 ಮಿಲಿಗ್ರಾಂ. ಪ್ರಮಾಣ ಚಿಕ್ಕದು, ನಿಜ. ಆದರೆ ದಿನದ ಉಳಿಕೆಯನ್ನೆಲ್ಲ ಒಂದೇ ಕ್ಯಾನ್‌ಗೆ ತುಂಬಿ, ಅದೇ ಕ್ಯಾನ್‌ಗೆ ಆ್ಯಸಿಡ್ ಬಿದ್ದರೆ ಹೊರಡುವುದು ಹೈಡ್ರೋಜನ್ ಸೈನೈಡ್ ಅನಿಲ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ ಧೂಳು ತಿನ್ನುತ್ತಿರುವ ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈನೈಡ್ ಇಲ್ಲದ ರೀಏಜೆಂಟ್‌ಗಳು (ಟೆಸ್ಟ್‌ಗೆ ಬಳಸುವ ದ್ರಾವಣಗಳು) ಈಗ ಸಿಗುತ್ತವೆ, ಅದಕ್ಕೆ ಬದಲಾಗಿ.

ಕೆಲವು ರೀಏಜೆಂಟ್‌ಗಳಲ್ಲಿ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿರುತ್ತಾರೆ. ತಾಮ್ರ ಅಥವಾ ಸೀಸದ ಪೈಪಿನಲ್ಲಿ ಅದು ಕೂಡುತ್ತಾ ಹೋದರೆ ಸಿಡಿಯುವ ಲವಣವಾಗುತ್ತದೆ. ಬಾಟಲಿಯ ಲೇಬಲ್, ಒಳಗಿನ ಚೀಟಿ ಓದಿ. ಟೆಸ್ಟ್ ಮಾಡುವ ಅನಲೈಸರ್ ಯಂತ್ರದ ವೇಸ್ಟ್ ಪೈಪನ್ನು ನೇರ ಸಿಂಕಿಗೆ ಬಿಡುವ ಬದಲು ಕ್ಯಾನ್‌ಗೆ ಬಿಟ್ಟು, ಯಂತ್ರದ ಕಂಪನಿ ಹೇಳಿದ ರೀತಿಯಲ್ಲಿ ಸಂಸ್ಕರಿಸಿ. ಫಾರ್ಮಾಲಿನ್, ಜೈಲೀನ್, ಫೀನಾಲ್ ಇರುವ ಸ್ಟೇನ್, ಅವಧಿ ಮುಗಿದ ರೀಏಜೆಂಟ್ ಇವನ್ನು ಒಂದಕ್ಕೊಂದು ಬೆರೆಸದೆ, ಹೆಸರು ಬರೆದ ಬೇರೆ ಬೇರೆ ಮುಚ್ಚಳದ ಕ್ಯಾನ್‌ಗಳಲ್ಲಿಟ್ಟು ಹಳದಿ ವರ್ಗದ ರಾಸಾಯನಿಕ ಕಸವಾಗಿ ಘಟಕಕ್ಕೆ ಕೊಡಿ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿಟ್ಟಿದೆ. ಮೂಗಿಗೆ ಅಭ್ಯಾಸವಾಯಿತು ಎನ್ನುವುದು ಸಮಾಧಾನವಲ್ಲ.

ಕಫದ ಡಬ್ಬಿಗಳನ್ನು ಏನು ಮಾಡಬೇಕು?

ಮುಚ್ಚಳ ತೆಗೆಯುವಾಗ, ಸ್ಮಿಯರ್ ಮಾಡುವಾಗ ಅಂದರೆ ಸ್ಲೈಡಿಗೆ ಕಫ ಸವರುವಾಗ, ಹಾರುವ ಕಣಗಳಿಂದಲೇ ಕ್ಷಯ ಅಂಟುವುದು, ಚರ್ಮದಿಂದಲ್ಲ. ಹಾಗಾಗಿ ಡಬ್ಬಿಯನ್ನು ಖಾಲಿ ಮಾಡಿ ತೊಳೆಯುವ ಗೋಜಿಗೇ ಹೋಗಬೇಡಿ. ಕಫ ಸಮೇತ, ಮುಚ್ಚಳ ಸಡಿಲ ಮಾಡಿ, ಆಟೋಕ್ಲೇವ್‌ಗೆ.

ಸೂಜಿ ಚುಚ್ಚಿಬಿಟ್ಟಿತು. ಮೊದಲು ಏನು ಮಾಡಲಿ?

ನಲ್ಲಿ ಬಿಟ್ಟು ಸೋಪು ಹಾಕಿ ತೊಳೆಯಿರಿ. ಬೆರಳು ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಗಾಯಕ್ಕೆ ಹೈಪೋ ಹಾಕಬೇಡಿ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರಿನಲ್ಲಿ ತೊಳೆಯಿರಿ.

ಆಮೇಲೆ ತಡಮಾಡದೆ ಡಾಕ್ಟರ್ ಹತ್ತಿರ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಶುರು ಮಾಡಿದರೆ 28 ದಿನ ತೆಗೆದುಕೊಳ್ಳಬೇಕು. ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ. ಬೇರೆ ತಾಲ್ಲೂಕಿನವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗುತ್ತದಾ ಎಂದು ಇವತ್ತೇ, ಏನೂ ಆಗದೆ ಇರುವಾಗಲೇ, ಕೇಳಿ ಫೋನ್ ನಂಬರ್ ಗೋಡೆಗೆ ಬರೆದಿಡಿ. ರಾತ್ರಿ ಚುಚ್ಚಿಕೊಂಡವರು ಮಾರನೇ ದಿನ ಹೋಗೋಣ ಎನ್ನುವುದು ದೊಡ್ಡ ತಪ್ಪು.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಅದು ಅಂಟುವ ಸಾಧ್ಯತೆ ಸುಮಾರು 0.3 ಶೇಕಡ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ 6ರಿಂದ 30 ಶೇಕಡ. ಹೆದರಬೇಕಾದ್ದು ಯಾವುದಕ್ಕೆ ಎಂದು ಈ ಅಂಕಿಗಳೇ ಹೇಳುತ್ತವೆ. ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಮೂರನೆಯದನ್ನು ಮರೆಯುವವರೇ ಹೆಚ್ಚು. ಮುಗಿದು ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ ನೋಡಿಸಿ, ಮಿಲಿಗೆ 10 ಮಿಲಿ ಯೂನಿಟ್ (mIU/mL) ಅಥವಾ ಅದಕ್ಕಿಂತ ಮೇಲಿದ್ದರೆ ರಕ್ಷಣೆ ಇದೆ. ಲ್ಯಾಬ್‌ನವರು ಊರಿಗೆಲ್ಲ ಟೆಸ್ಟ್ ಮಾಡಿ ತಮ್ಮದೇ ನೋಡಿಕೊಳ್ಳುವುದಿಲ್ಲ.

ಲಸಿಕೆ ಆಯಮ್ಮನಿಗೂ ಹಾಕಿಸಬೇಕಾ? ಅವರು ಪಾರ್ಟ್‌ಟೈಮ್.

ಸೂಜಿಗೆ ಪಾರ್ಟ್‌ಟೈಮ್ ಗೊತ್ತಿಲ್ಲ. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ಸೇರುವಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಹಾಗೆಯೇ ತರಬೇತಿ, ಇವಿಷ್ಟು ಕಸ ಮುಟ್ಟುವ ಎಲ್ಲರಿಗೂ ಮಾಲೀಕರು ಕೊಡಬೇಕಾದ್ದು. ತೆಳ್ಳಗಿನ ಪರೀಕ್ಷಾ ಗ್ಲೌಸ್ ಅಲ್ಲ, ದಪ್ಪ ರಬ್ಬರ್ ಗ್ಲೌಸ್ ಮತ್ತು ಮುಚ್ಚಿದ ಚಪ್ಪಲಿ ಕೊಡಿಸಿ. ತರಬೇತಿ ಅವರ ಮಾತಿನಲ್ಲೇ ಆಗಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರು ಬಹಳ. ಕೆಜಿಎಫ್‌ನಲ್ಲಿ ತಮಿಳು. ಇಂಗ್ಲಿಷ್ ಪೋಸ್ಟರ್ ಅವರಿಗೆ ಗೋಡೆಯ ಚಿತ್ರವಷ್ಟೇ. ಬಣ್ಣ ತೋರಿಸಿ, ವಸ್ತು ಕೈಗೆ ಕೊಟ್ಟು, "ಇದು ಎಲ್ಲಿಗೆ?" ಅಂತ ಕೇಳಿ. ಒಂದು ಬೆಳಿಗ್ಗೆಯಲ್ಲಿ ಕಲಿಯುತ್ತಾರೆ, ಹಲವು ಟೆಕ್ನೀಷಿಯನ್‌ಗಳಿಗಿಂತ ಬೇಗ.

ರಕ್ತ ನೆಲಕ್ಕೆ ಚೆಲ್ಲಿದರೆ?

ಮಾಪ್ ತರಬೇಡಿ, ಅದು ರಕ್ತವನ್ನು ಇಡೀ ಕೋಣೆಗೆ ಹರಡುತ್ತದೆ. ಗಾಜಿದ್ದರೆ ಚಿಮಟದಿಂದ ಎತ್ತಿ. ಮೇಲೆ ಹತ್ತಿ ಅಥವಾ ಪೇಪರ್ ಮುಚ್ಚಿ, ಅಂಚಿನಿಂದ ನಡುವಿಗೆ 1 ಶೇಕಡದ ಹೈಪೋ ಸುರಿದು ಅರ್ಧ ಗಂಟೆ ಬಿಡಿ. ಆಮೇಲೆ ಒರೆಸಿ ಹಳದಿಗೆ ಹಾಕಿ. ಹಳೇ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಹೈಪೋ ಬೇಡ, ಪೊರಕೆಯೂ ಬೇಡ. ಎರಡು ರಟ್ಟಿನ ಚೂರಿನಿಂದ ಹನಿಗಳನ್ನು ಒಟ್ಟುಮಾಡಿ, ನೀರಿರುವ ಬಾಟಲಿಯಲ್ಲಿಟ್ಟು ಮುಚ್ಚಿ, ಬೇರೆ ಎತ್ತಿಡಿ.

ಗುಜರಿಯವರು ಸಿರಿಂಜ್ ಪ್ಲಾಸ್ಟಿಕ್‌ಗೆ ಒಳ್ಳೇ ರೇಟ್ ಕೊಡ್ತೀನಿ ಅಂತಾರೆ. ಹೈಪೋದಲ್ಲಿ ಅದ್ದಿ ಕೊಡಬಹುದಾ?

ಕೊಡಬಾರದು. ಕೆಂಪು ಚೀಲದ ಪ್ಲಾಸ್ಟಿಕ್ ಮರುಬಳಕೆಗೇ ಹೋಗುತ್ತದೆ, ಆದರೆ ಘಟಕದಲ್ಲಿ ಆಟೋಕ್ಲೇವ್ ಆಗಿ, ಪುಡಿಯಾಗಿ, ಅನುಮತಿ ಇರುವ ಮರುಬಳಕೆದಾರರ ಮೂಲಕ. ಪುಡಿ ಮಾಡುವುದು ಸುಮ್ಮನೆ ಅಲ್ಲ. ಅದೇ ಸಿರಿಂಜ್ ತೊಳೆದು ಮತ್ತೆ ಪ್ಯಾಕ್ ಆಗಿ ಇನ್ನೊಬ್ಬರ ತೋಳಿಗೆ ಬರಬಾರದು ಅಂತ.

ಮನೆಗೆ ಹೋಗಿ ಸ್ಯಾಂಪಲ್ ತರುವ ಹುಡುಗರ ಸೂಜಿ?

ಬೈಕಿನ ಬ್ಯಾಗ್‌ನಲ್ಲಿ ಚಿಕ್ಕ ಬಿಳಿ ಡಬ್ಬಿ ಇರಲೇಬೇಕು. ರೋಗಿಯ ಮನೆಯ ಕಸದ ಬುಟ್ಟಿಯಲ್ಲಿ ಏನನ್ನೂ ಬಿಟ್ಟು ಬರುವಂತಿಲ್ಲ, ಹತ್ತಿಯನ್ನೂ. ಎಲ್ಲ ವಾಪಸ್ ಲ್ಯಾಬ್‌ಗೆ. ಸ್ಯಾಂಪಲ್ ಬೆಂಗಳೂರಿಗೆ ಹೋದರೆ ಉಳಿಕೆ ರಕ್ತ ಅಲ್ಲಿಯ ಲ್ಯಾಬ್‌ನ ಹೊಣೆ. ಸೂಜಿ, ಸಿರಿಂಜ್, ಹತ್ತಿ ನಿಮ್ಮದು.

ಯಾವ ಯಾವ ದಾಖಲೆ ಇಡಬೇಕು?

ದಿನದ ರಿಜಿಸ್ಟರ್‌ನಲ್ಲಿ ಬಣ್ಣವಾರು ತೂಕ, ಆಟೋಕ್ಲೇವ್ ಪುಸ್ತಕದಲ್ಲಿ ಪ್ರತಿ ಬ್ಯಾಚ್‌ನ ತಾಪಮಾನ, ಒತ್ತಡ, ಸಮಯ. ಲಸಿಕೆ ಮತ್ತು ತರಬೇತಿಯ ವಿವರ, ಸೂಜಿ ಚುಚ್ಚಿದ ಪ್ರಕರಣಗಳೂ ಇರಲಿ. ಎಲ್ಲವನ್ನೂ 5 ವರ್ಷ ಇಡಬೇಕು. ಜನವರಿಯಿಂದ ಡಿಸೆಂಬರ್‌ವರೆಗಿನ ವಾರ್ಷಿಕ ವರದಿ ನಮೂನೆ 4ರಲ್ಲಿ, ಮುಂದಿನ ಜೂನ್ 30ರೊಳಗೆ ಮಂಡಳಿಗೆ ಹೋಗಬೇಕು. ಬೆಂಕಿ, ಸ್ಫೋಟದಂಥ ದೊಡ್ಡ ಅಪಘಾತವಾದರೆ ಕೂಡಲೇ ತಿಳಿಸಿ, 24 ಗಂಟೆಯೊಳಗೆ ಬರಹದಲ್ಲಿ ವರದಿ ಕೊಡಬೇಕು.

ಇಡೀ ತಿಂಗಳ ತೂಕವನ್ನು ಕೊನೇ ದಿನ ಒಂದೇ ಪೆನ್ನಿನಲ್ಲಿ ಬರೆದ ರಿಜಿಸ್ಟರ್‌ಗಳನ್ನು ನೋಡಿದ್ದೇನೆ. ಪ್ರತಿದಿನ ಹಳದಿ 200 ಗ್ರಾಂ, ಕೆಂಪು 300 ಗ್ರಾಂ, ಭಾನುವಾರವೂ. ಲ್ಯಾಬ್‌ಗೆ ಭಾನುವಾರ ರಜೆ ಎಂದು ಹೊರಗೆ ಬೋರ್ಡ್ ಇತ್ತು.

ಮಾಡದಿದ್ದರೆ ಜೈಲಾ?

ನಿಯಮ ಇರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಮೊದಲು ಅದರಲ್ಲಿ ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯಿಂದ ಅದರ ಜಾಗಕ್ಕೆ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಬಂದಿದೆ. ಜೈಲು ಹೋಯಿತೆಂದು ನಿಟ್ಟುಸಿರು ಬಿಡುವ ಮುಂಚೆ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ.

ನಮ್ಮಲ್ಲಿಗೆ ಬರುವ ಶುಗರ್ ರೋಗಿಗಳು ಮನೆಯ ಇನ್ಸುಲಿನ್ ಸೂಜಿ ಎಲ್ಲಿ ಹಾಕಲಿ ಅಂತ ಕೇಳ್ತಾರೆ. ಏನು ಹೇಳಲಿ?

ದಪ್ಪ ಪ್ಲಾಸ್ಟಿಕ್‌ನ, ತಿರುಗಿಸಿ ಮುಚ್ಚುವ ಡಬ್ಬಿಯಲ್ಲಿ ಹಾಕುತ್ತಾ ಹೋಗಲಿ. ಫಿನಾಯಿಲ್ ಅಥವಾ ಡಿಟರ್ಜೆಂಟ್ ಡಬ್ಬಿ ಆಗುತ್ತದೆ. ನೀರಿನ ತೆಳು ಬಾಟಲಿ ಬೇಡ, ಸೂಜಿ ಹೊರಗೆ ಬರುತ್ತದೆ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿಮಾಡಿ, ಮೇಲೆ ಟೇಪ್ ಸುತ್ತಿ, "ಸೂಜಿ ಇದೆ" ಎಂದು ದೊಡ್ಡದಾಗಿ ಬರೆದು, ಹಸಿ ಕಸ ಒಣ ಕಸ ಯಾವುದಕ್ಕೂ ಸೇರಿಸದೆ, ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಲಿ. ಕೊಡುವಾಗ ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಲಿ, ಬರೆದದ್ದನ್ನು ಓದಲು ಬಾರದವರೂ ಗಾಡಿಯ ಮೇಲಿರುತ್ತಾರೆ.